ನೂರೈವತ್ತು ಮೀಟರಿನ ಕೆಳಗೆ

ನಾಗವೇಣಿ, ಇಲ್ಲಿ ಸಹಿ ಮಾಡು.
ನನ್ನ ಹೆಸರಿನ ಕೆಳಗಲ್ಲ, ನನ್ನ ಹೆಸರು ಈ ಹಾಳೆಯಲ್ಲೇ ಇಲ್ಲ.
ಮುಖ್ಯ ವಿಜ್ಞಾನಿ ಎಂದು ಅಚ್ಚಾದ ಗೆರೆಯ ಮೇಲೆ.
ಕೈ ನಡುಗಿದರೆ ನಡುಗಲಿ,
ಬಂದರಿನ ಕಚೇರಿಯವರು ನೋಡುವುದು ಅಕ್ಷರವನ್ನಲ್ಲ, ಮೊಹರನ್ನು.

ನಾಳೆ ನಸುಕಿಗೆ ಮುರಗಾಂವದಿಂದ ಹಡಗು ಬಿಡುತ್ತದೆ.
ಹದಿನೆಂಟು ದಿನ, ಇಪ್ಪತ್ತಾರು ಜನ.
ಎಲ್ಲಿ ನಿಲ್ಲಬೇಕು, ಬಾಟಲಿಗಳ ಚೌಕಟ್ಟನ್ನು ಎಷ್ಟು ಆಳ ಇಳಿಸಬೇಕು,
ಗಾಳಿ ಎದ್ದರೆ ತಿರುಗಬೇಕೋ ಕಾಯಬೇಕೋ,
ಕ್ಯಾಪ್ಟನ್ ಕೇಳಬೇಕಾದ್ದು ನಿನ್ನನ್ನು.
ನನಗೆ ಫೋನು ಮಾಡಿದರೆ ಎತ್ತುವುದಿಲ್ಲ ಅಂದಿದ್ದೇನೆ.
ಅವರಿಗೆ ಸಿಟ್ಟು ಬಂತು. ಬರಲಿ.

ಈ ಸಮುದ್ರ ನಿನಗೆ ಗೊತ್ತಲ್ಲ.
ಮೇಲೆ ಉಸಿರೇ ಉಸಿರು,
ತೆರೆ ಗಾಳಿಯನ್ನು ಅಗಿದು ಅಗಿದು ನುಂಗುತ್ತದೆ.
ನೂರೈವತ್ತು ಮೀಟರು ದಾಟಿದ್ದೇ
ಗ್ರಾಫಿನ ಗೆರೆ ಎಡಕ್ಕೆ ಜಾರಿ ಸೊನ್ನೆಗೆ ಅಂಟಿಕೊಂಡು
ಬಹಳ ಹೊತ್ತು ಹಾಗೆಯೇ ಇಳಿಯುತ್ತದೆ,
ಗೋಡೆ ಹಿಡಿದು ಕತ್ತಲಲ್ಲಿ ಮೆಟ್ಟಿಲಿಳಿಯುವವರ ಹಾಗೆ.
ಆ ಪದರ ದಪ್ಪವಾಗುತ್ತಿದೆಯೇ?
ಅದನ್ನು ಅಳೆಯಲಿಕ್ಕೇ ಹೊರಟಿದ್ದೀ.

ದೋನಾಪಾವ್ಲದ ಈ ಗುಡ್ಡದ ಮೇಲೂ ಅದೇ ಗ್ರಾಫು,
ತಲೆಕೆಳಗಾಗಿದೆ, ಅಷ್ಟೆ.
ಕೆಳಗಿನ ಲ್ಯಾಬಿನಲ್ಲಿ ಹುಡುಗಿಯರೋ ಹುಡುಗಿಯರು,
ಜಡೆ ಎತ್ತಿ ಕಟ್ಟಿ, ಪಿಪೆಟ್ಟು ಹಿಡಿದು, ಉಪ್ಪು ಎಣಿಸುತ್ತ.
ಮೇಲಿನ ಮಹಡಿಯ ಹೆಸರಿನ ಫಲಕಗಳ ಹತ್ತಿರ ಬಂದರೆ
ಗೆರೆ ಸೊನ್ನೆಗೆ.
ನಡುವೆ ಎಲ್ಲಿ ಹೋದರು ಅವರು?
ಅಲ್ಲಿಗೆ ಸೆನ್ಸರು ಇಳಿಸಿದವರಿಲ್ಲ.

ನನ್ನ ಮೊದಲ ಯಾನಕ್ಕೆ, ಹೆಂಗಸಿಗೆ ಕ್ಯಾಬಿನ್ನಿಲ್ಲ ಅಂದರು.
ಲೈಬ್ರರಿಯ ಎರ್ಮೆಲಿಂಡಾ ಕುಟಿನ್ಹೊ
ಹಳೇ ಬೆಡ್‌ಶೀಟಿಗೆ ಅಂಚು ಹೊಲಿದು ಕೊಟ್ಟಳು, ಪರದೆ.
ಹಗ್ಗ, ಗ್ರೀಸು ಇಡುವ ಕೋಣೆಯಲ್ಲಿ ಅದನ್ನು ಕಟ್ಟಿಕೊಂಡು
ಇಪ್ಪತ್ತೆರಡು ರಾತ್ರಿ ಮಲಗಿದೆ.
ನನ್ನ ಯಾವ ಪ್ರಬಂಧದಲ್ಲೂ ಅವಳ ಹೆಸರಿಲ್ಲ.

ಇನ್ನೊಂದನ್ನು ಮೆಲ್ಲಗೆ ಹೇಳುತ್ತೇನೆ,
ಕನ್ನಡದಲ್ಲಿ, ಪಕ್ಕದ ಟೇಬಲಿಗೆ ತಿಳಿಯದಿರಲಿ.
ನಿನಗಿಂತ ಮುಂಚೆ ಶರ್ವಾಣಿ ಕೇಂಕ್ರೆ ಅಂತ ಒಬ್ಬಳಿದ್ದಳು.
ನಿನಗಿಂತ ಚೂಪು. ಬೇಜಾರಾಗಬೇಡ, ನನಗಿಂತಲೂ.
ಮಗುವಿಗೆ ಏಳು ತಿಂಗಳು. ತಾನೇ ಬಂದು ಕೇಳಿದಳು
ಈ ಸಲದ ಯಾನ ನನಗೆ ಕೊಡಿ ಅಂತ.
ನಾನು ಪ್ರೀತಿಯಿಂದಲೇ
ಹೆಗಲ ಮೇಲೆ ಕೈಯಿಟ್ಟು
ಮುಂದಿನ ವರ್ಷ ನೋಡೋಣ ಅಂದೆ.
ಗಂಡಸರು ಬಾಗಿಲು ಹಾಕಿದರೆ ದಡಾರನೆ ಕೇಳುತ್ತದೆ,
ನಾನು ಹಾಕಿದ್ದಕ್ಕೆ ಸದ್ದೇ ಇರಲಿಲ್ಲ.
ಈಗ ಮಡಗಾಂವದಲ್ಲಿ ಟ್ಯೂಷನ್ ಹೇಳುತ್ತಾಳೆ.
ಮಾರ್ಕೆಟ್ಟಿನಲ್ಲಿ ಸಿಕ್ಕಿದ್ದಳು,
ಇಬ್ಬರೂ ನಿಂತು ಬಂಗಡೆಯ ದರ ಮಾತಾಡಿದೆವು.

ಅಂಕೋಲೆಯ ಪೇಟೆಯಲ್ಲಿ ಬುಟ್ಟಿ ಮುಂದಿಟ್ಟು ಕೂರುವ ನಿನ್ನ ಆಯಿ
ಮಳೆಗಾಲದ ಕೊನೆಗೆ ಮೀನಿನ ಕಿವಿರು ಎತ್ತಿ ನೋಡಿ
ನೀರಿಗೆ ಉಬ್ಬಸ ಬಂದದೆ ಅನ್ನುತ್ತಾಳಂತೆ.
ಮೂವತ್ತು ವರ್ಷ ನಾನು ಬರೆದದ್ದೂ ಅದೇ,
ಇಂಗ್ಲಿಷಿನಲ್ಲಿ.
ನೀನು ಹೊರಟ ಸುದ್ದಿಗೆ ಏನಂದಳು?
ದೋಣಿ ಹತ್ತಗೊಡದವರು ಹಡಗು ಹತ್ತಗೊಟ್ಟರೇ?
ನಗಬೇಡ. ಅದು ಪ್ರಶ್ನೆಯೇ.

ಹನ್ನೊಂದನೆಯ ಬಾಟಲಿಯ ಮುಚ್ಚಳ ಸೋರುತ್ತದೆ, ಎರಡು ಸಲ ನೋಡು.
ವಿಂಚಿನ ಬಾಬ್ಲೋಗೆ ಚಹಾ ಸಿಕ್ಕದಿದ್ದರೆ ಕಿವಿ ಕೇಳಿಸುವುದಿಲ್ಲ.
ಆ ಹೊಸ ಹುಡುಗಿ, ಮೀಟಿಂಗಿನಲ್ಲಿ ಕುರ್ಚಿ ಖಾಲಿಯಿದ್ದರೂ
ಗೋಡೆಗೆ ಒರಗಿ ನಿಲ್ಲುತ್ತಾಳಲ್ಲ,
ಒಂದು ರಾತ್ರಿಯ ಪಾಳಿ ಪೂರ್ತಿ ಅವಳಿಗೆ ಬಿಟ್ಟು
ಹೋಗಿ ಮಲಗು.
ನಿದ್ದೆ ಬರುವುದಿಲ್ಲ, ಗೊತ್ತು. ಆದರೂ ಮಲಗು.
ಒಂದು ಲೆಕ್ಕ ತಪ್ಪಿದರೆ ಸಮುದ್ರ ತಾಳಿಕೊಳ್ಳುತ್ತದೆ.

ಸಹಿ ಕನ್ನಡದಲ್ಲಿ ಮಾಡಿದೆಯಾ?
ಇರಲಿ, ಬೀಳಲಿ ಮೊಹರು ಅದರ ಮೇಲೆ.
ಪೆನ್ನು ಇಟ್ಟುಕೋ.
ಅಲ್ಲ, ತಡೆ, ಅದು ಕಚೇರಿಯದು.